ನನ್ನ ಅನುಭವ: ಚೀಟಿ ಎತ್ತಿ ಅರ್ಥ ಹೇಳುವ ಜಗಲಿ ಕೂಟ

2025ರ ಆಟಿ (ಮಳೆಗಾಲದ ತುಳು ತಿಂಗಳು) ಮುಗಿಯುವಾಗ ನಮ್ಮ ಜಗಲಿಯ ತಾಳಮದ್ದಳೆ ಕೂಟಕ್ಕೆ ನಾಲ್ಕು ಮಳೆಗಾಲ ತುಂಬಿತು. ಲೆಕ್ಕ ಬರೆದಿಟ್ಟಿಲ್ಲ. ನೆನಪಿನಲ್ಲಿ ಹೇಳುವುದಾದರೆ ನಲವತ್ತೋ ನಲವತ್ತೆರಡೋ ಕೂಟ ಆಗಿರಬಹುದು. ಒಂದಕ್ಕೂ ಆಮಂತ್ರಣ ಪತ್ರಿಕೆ ಇಲ್ಲ, ಮೈಕ್ ಇಲ್ಲ, ಶಾಲು ಇಲ್ಲ. "ಇದು ಎರಡು ತಿಂಗಳು ನಡೆಯಲಿಕ್ಕಿಲ್ಲ" ಎಂದು ನನ್ನ ಎದುರೇ ಹೇಳಿದವರು ಮೂವರು. ಅವರಲ್ಲಿ ಇಬ್ಬರು ಈಗ ನಮ್ಮಲ್ಲೇ ಅರ್ಥ ಹೇಳುತ್ತಾರೆ. ಮೂರನೆಯವರು ಈಗಲೂ ಅದನ್ನೇ ಹೇಳುತ್ತಿದ್ದಾರೆ. ಅವರ ಹಠವನ್ನೂ ಮೆಚ್ಚಬೇಕು.

ನಾನು ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗಿನವ. ಎರಡು ಎಕರೆ ಅಡಿಕೆ ತೋಟ, ಸುಮಾರಾಗಿ ಬಾರಿಸುವ ಮದ್ದಳೆ, ಇಪ್ಪತ್ತು ವರ್ಷದಿಂದ ಅರ್ಥ ಹೇಳುವ ಹುಚ್ಚು. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ, ಕೂತವರು ಒಂದೊಂದು ಪಾತ್ರವಾಗಿ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಮೇ ಕೊನೆಗೆ ಪತ್ತನಾಜೆ ಕಳೆದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದರೆ ನಮ್ಮಂಥ ಹವ್ಯಾಸಿಗಳ ಬಾಯಿ ತುರಿಸಲಿಕ್ಕೆ ಶುರು, ಅಷ್ಟೆ.

ಮೊದಲು ಸೋತ ಕತೆ ಹೇಳುತ್ತೇನೆ. 2016ರಲ್ಲಿ ನಾವು ಐದು ಜನ ಸೇರಿ ದೊಡ್ಡದಾಗಿ ಒಂದು ಕೂಟ ಮಾಡಿದೆವು. ಸಭಾಭವನ ಬಾಡಿಗೆಗೆ ಹಿಡಿದೆವು. ಮೈಕ್‌ನವರು, ಅತಿಥಿ ಅರ್ಥಧಾರಿ, ಬಣ್ಣದ ಆಮಂತ್ರಣ, ಎರಡು ಸನ್ಮಾನ, ರಾತ್ರಿ ಊಟ. ಒಟ್ಟು ಮೂವತ್ತೆಂಟು ಸಾವಿರದ ಹತ್ತಿರ ಖರ್ಚಾಯಿತು. ಸಂಗ್ರಹ ಆದದ್ದು ಹನ್ನೊಂದು ಸಾವಿರ ಚಿಲ್ಲರೆ. ಉಳಿದದ್ದಕ್ಕೆ ಒಳ್ಳೆ ರೇಟು ಬರಲಿ ಎಂದು ಕಟ್ಟಿಟ್ಟಿದ್ದ ಚಾಲಿ ಅಡಿಕೆ ಮಾರಿದೆ. ನಾನು ಮಾರಿದ ಮೂರನೇ ವಾರಕ್ಕೆ ರೇಟು ಏರಿತು. ಅದನ್ನು ಮನೆಯಲ್ಲಿ ಇವತ್ತಿಗೂ ಯಾರೂ ಮರೆತಿಲ್ಲ.

ಕೇಳಲಿಕ್ಕೆ ಎಷ್ಟು ಜನ ಬಂದಿದ್ದರು? ಇಪ್ಪತ್ತಮೂರು. ನಾನೇ ಎಣಿಸಿದೆ. ಅದರಲ್ಲಿ ಏಳೆಂಟು ಜನ ಅಡಿಗೆಯವರ ಕಡೆಯವರು. ಸನ್ಮಾನ, ಸನ್ಮಾನಪತ್ರ, ಸನ್ಮಾನಿತರ ಎರಡು ಮಾತು, ಧನ್ಯವಾದ ಎಲ್ಲ ಮುಗಿಯುವಾಗ ಒಂದೂಮುಕ್ಕಾಲು ಗಂಟೆ ಹೋಗಿತ್ತು. ಪ್ರಸಂಗಕ್ಕೆ ಸಿಕ್ಕಿದ್ದೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಆಮಂತ್ರಣದಲ್ಲಿ ತಮ್ಮ ಹೆಸರು ಎರಡನೇ ಸಾಲಿಗೆ ಹೋಯಿತು ಎಂದು ಹಿರಿಯರೊಬ್ಬರು ಪೀಠಿಕೆಗೆ ಮೊದಲೇ ಎದ್ದು ಬಸ್ ಹಿಡಿದರು. ಅವರ ಪಾತ್ರ ನನ್ನ ತಲೆಗೆ ಬಂತು. ಕೃಷ್ಣಸಂಧಾನದಲ್ಲಿ ಕೌರವ. ಒಂದು ತಯಾರಿ ಇಲ್ಲ. ಆ ದಿನ ನಾನು ಹೇಳಿದ ಅರ್ಥವನ್ನು ದೇವರು ಮರೆಸಿದರೆ ಸಾಕು.

ಎರಡನೇ ಸೋಲು 2020ರದ್ದು. ಆ ಮಾರ್ಚ್‌ನಲ್ಲಿ ಕೊರೋನಾ ಎಂದು ಕರ್ನಾಟಕ ಕೇರಳ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಬಂದ್ ಮಾಡಿದ್ದು ನೆನಪಿದೆಯಲ್ಲ. ನಮ್ಮ ಭಾಗವತರ ಮನೆ ಕರ್ನಾಟಕದ ವಿಟ್ಲದ ಕಡೆ, ನಾವು ಈಚೆ ಕೇರಳದಲ್ಲಿ. ಮಳೆ ಶುರುವಾದರೂ ಹೋಗಿ ಬರುವ ದಾರಿ ಸರಿಯಾಗಲಿಲ್ಲ. ಸರಿ, ಮೊಬೈಲಿನಲ್ಲೇ ಮಾಡುವ ಎಂದು ಹೊರಟೆವು. ಅವರು ಅಲ್ಲಿ ಪದ ಹೇಳುವುದು, ನಾನು ಇಲ್ಲಿ ಮದ್ದಳೆ ಬಾರಿಸುವುದು. ಅವರ ತಾಳ ನನಗೆ ಮುಟ್ಟುವಾಗ ಅರ್ಧ ಸೆಕೆಂಡ್ ತಡ, ನನ್ನ ಪೆಟ್ಟು ಅವರಿಗೆ ಮುಟ್ಟುವಾಗ ಇನ್ನರ್ಧ. ನನ್ನನ್ನು ಕಾದು ಅವರು ನಿಧಾನ ಮಾಡಿದರು, ಅವರನ್ನು ಕಾದು ನಾನು ನಿಧಾನ ಮಾಡಿದೆ. ಏಕತಾಳದ ಒಂದು ಪದ್ಯ ಕೊನೆಗೆ ನಿಂತೇ ಹೋಯಿತು. ಪದ್ಯ ಬಿಟ್ಟು ಬರೀ ಅರ್ಥ ಹೇಳಿದರೆ ಮೊಬೈಲಿನಲ್ಲೂ ಪರವಾಗಿಲ್ಲ ಎಂದು ಆಮೇಲೆ ಗೊತ್ತಾಯಿತು. ಆದರೆ ಪದ್ಯ ಇಲ್ಲದ ಅರ್ಥ ಉಪ್ಪಿಲ್ಲದ ಗಂಜಿ.

ಆಗ ಕೂತು ಯೋಚಿಸಿದ್ದೇ ಈಗಿನ ಕ್ರಮ. ಒಂದು ಪ್ರಸಂಗ ಇಡೀ ಮಳೆಗಾಲಕ್ಕೆ. ಬಂದವರೆಲ್ಲ ಅರ್ಥ ಹೇಳಬೇಕು. ಸುಮ್ನೆ ಕೇಳಲಿಕ್ಕೆ ಅಂತ ಯಾರಿಗೂ ಜಾಗ ಇಲ್ಲ, ಇದ್ದರೆ ಅವರಿಗೆ ಚಾ ಮಾಡುವ ಕೆಲಸ. ಯಾವ ಪಾತ್ರ ಯಾರಿಗೆ ಎಂಬುದು ಅವತ್ತು ಸಂಜೆ ಜಗಲಿಯಲ್ಲಿ ಚೀಟಿ ಎತ್ತಿದ ಮೇಲೆಯೇ ಗೊತ್ತಾಗುವುದು. ಒಂದೂವರೆ ಗಂಟೆಯೊಳಗೆ ಮಂಗಳ ಹಾಡಿ ಮುಗಿಸಬೇಕು.

"ಚೀಟಿಯಲ್ಲಿ ಪಾತ್ರ ಹಂಚುವುದು ಅಂದರೆ ಇದೇನು ಇಸ್ಪೀಟಾ?" ಎಂದು ಕೆಲವರು ಕೇಳಿದರು. ತಯಾರಿ ಇಲ್ಲದೆ ಅರ್ಥ ಹೇಳುವುದು ಹೇಗೆ ಎಂಬುದು ಅವರ ಪ್ರಶ್ನೆ. ಪ್ರಸಂಗ ಒಂದೇ ಆದರೆ ಎಲ್ಲ ಪಾತ್ರಕ್ಕೂ ತಯಾರಾಗಿ ಬರುತ್ತಾರೆ, ಅದೇ ಇದರ ಗುಟ್ಟು. ವಾಲಿ ಹೇಳುವವನಿಗೆ ರಾಮನ ಉತ್ತರವೂ ಗೊತ್ತಿರುತ್ತದೆ. ನಾವು ಮೊದಲ ವರ್ಷ ಹಿಡಿದದ್ದು ವಾಲಿ ಸುಗ್ರೀವರ ಕಾಳಗ. ಯಕ್ಷಗಾನ ರಾಮಾಯಣದ ಕವಿ ಪಾರ್ತಿಸುಬ್ಬನ ಕುಂಬಳೆಗೆ ಇಲ್ಲಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಪದ್ಯದ ಕೊನೆಗೆ ಅವನ ಅಂಕಿತವಾದ ಕಣ್ವಪುರದ ಕೃಷ್ಣನ ಹೆಸರು ಬಂದರೆ ನಮ್ಮವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಹಾಗಾಗಿ ಬೇರೆ ಪ್ರಸಂಗದ ಮಾತೇ ಬರಲಿಲ್ಲ.

ಕಷ್ಟ ಬಂದದ್ದು ಸಮಯದಲ್ಲಿ. ನಮ್ಮ ಜನ ಮಾತು ಹಿಡಿದರೆ ಬಿಡುವವರಲ್ಲ. ಮೊದಲ ಕೂಟದಲ್ಲಿ ಸುಗ್ರೀವನ ಪೀಠಿಕೆಯೇ ನಲವತ್ತು ನಿಮಿಷ. ವಾಲಿ ಸಾಯುವಾಗ ಹನ್ನೊಂದೂವರೆ. ಕೈಯಲ್ಲಿ ಗಂಟೆ ಹಿಡಿದು ಕೂತೆ. ಒಬ್ಬರಿಗೆ ಗಂಟೆ ಹೊಡೆದದ್ದಕ್ಕೆ ಎರಡು ವಾರ ಮಾತು ಬಿಟ್ಟರು. ಮೊಬೈಲಿನ ಅಲಾರಂ ಇಟ್ಟೆ. ತಾರೆ ಅಳುವಾಗ ಅದು ಕೋಳಿಯ ಹಾಗೆ ಕೂಗಿತು.

ಕೊನೆಗೆ ಊದುಬತ್ತಿ. ಹೇಗೂ ದೀಪದ ಬದಿಯಲ್ಲಿ ಹಚ್ಚುತ್ತೇವಲ್ಲ, ಅದನ್ನೇ ತುಂಡು ಮಾಡಿದೆ. ನಮ್ಮ ಅಂಗಡಿಯಲ್ಲಿ ಸಿಗುವ ಸಾದಾ ಬತ್ತಿ ಇಡೀದು ಮೂವತ್ತೈದು ನಲವತ್ತು ನಿಮಿಷ ಉರಿಯುತ್ತದೆ. ನಾಲ್ಕು ತುಂಡು ಮಾಡಿದರೆ ಒಂದೊಂದು ಒಂಬತ್ತು ನಿಮಿಷ. ಒಬ್ಬರ ಮಾತಿಗೆ ಒಂದು ತುಂಡು. ಅದು ಆರಿದರೆ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ. ಗಂಟೆಯ ಮೇಲೆ ಸಿಟ್ಟು ಮಾಡಿದವರು ಊದುಬತ್ತಿಯ ಮೇಲೆ ಸಿಟ್ಟು ಮಾಡಲಿಲ್ಲ. ದೇವರ ಎದುರು ಉರಿಯುವ ವಸ್ತು, ಅದಕ್ಕೆ ಬೈಯಲಿಕ್ಕೆ ಬಾಯಿ ಬರುವುದಿಲ್ಲ. ಮಾತಾಡುವವರ ಕಣ್ಣು ಆಗಾಗ ಆ ಕೆಂಪು ಚುಕ್ಕಿಗೆ ಹೋಗುತ್ತದೆ. ಬೆರಳಗಲ ಉಳಿದಾಗ ಮಾತು ತಾನಾಗಿ ಬಿಗಿಯಾಗುತ್ತದೆ. ನನ್ನ ಪ್ರಕಾರ ನಮ್ಮಲ್ಲಿ ಒಳ್ಳೆಯ ಅರ್ಥ ಹುಟ್ಟುವುದೇ ಆ ಕೊನೆಯ ಬೆರಳಗಲದಲ್ಲಿ.

ಇದರಲ್ಲೂ ಒಮ್ಮೆ ಪೆಟ್ಟು ತಿಂದೆ. ಆಟಿಯ ಮಳೆಗೆ ಬತ್ತಿ ತಂಡಿಯಾಗಿತ್ತು. ಅರ್ಧದಲ್ಲಿ ನಂದಿದ್ದು ಯಾರಿಗೂ ಕಾಣಲಿಲ್ಲ, ಹೊಗೆ ಇದ್ದ ಹಾಗೆ ಕಂಡಿತು. ಲಕ್ಷ್ಮಣ ಇಪ್ಪತ್ತೈದು ನಿಮಿಷ ಮಾತಾಡಿದ. ಆ ಪ್ರಸಂಗದಲ್ಲಿ ಲಕ್ಷ್ಮಣನಿಗೆ ಅಷ್ಟು ಹೇಳಲಿಕ್ಕೆ ಎಂತ ಉಂಟು? ಈಗ ಬತ್ತಿಯ ಕಟ್ಟನ್ನು ಅಕ್ಕಿ ಡಬ್ಬದಲ್ಲಿ ಹೂತಿಡುತ್ತೇನೆ. ಅನ್ನಕ್ಕೆ ಸ್ವಲ್ಪ ಮಲ್ಲಿಗೆ ಪರಿಮಳ ಬರುತ್ತದೆ. ಮನೆಯಲ್ಲಿ ಸಹಿಸಿಕೊಂಡಿದ್ದಾರೆ.

ಮದ್ದಳೆಯ ಗೋಳು ಬೇರೆ. ಮಳೆಗಾಲದಲ್ಲಿ ಅದರ ಚರ್ಮದ ಮುಚ್ಚಿಗೆ ಸಡಿಲಾಗಿ ಶ್ರುತಿ ಇಳಿಯುವುದು ನಿಮಗೂ ಗೊತ್ತು. ನಾನು ಬುದ್ಧಿವಂತಿಕೆ ಮಾಡಿದೆ. ಹಳೇ ಟೀವಿಯ ರಟ್ಟಿನ ಪೆಟ್ಟಿಗೆಯೊಳಗೆ ನಲವತ್ತು ವಾಟಿನ ಬಲ್ಬ್ ಉರಿಸಿ ಅದರಲ್ಲಿ ಮದ್ದಳೆ ಇಟ್ಟೆ. ಎರಡು ವಾರ ಶ್ರುತಿ ಅಂದರೆ ಶ್ರುತಿ, ಎಲ್ಲರಿಗೂ ಕರೆದು ತೋರಿಸಿದೆ. ಮೂರನೇ ವಾರ ರಾತ್ರಿ ಎರಡು ಗಂಟೆಗೆ ಜಗಲಿಯಿಂದ ಟಪ್ ಎಂದು ಕೇಳಿತು. ಚರ್ಮ ಒಣಗಿ ಅಂಚಿನಲ್ಲಿ ಬಿರಿದಿತ್ತು. ಹೊಸ ಮುಚ್ಚಿಗೆಗೆ ಮೂರು ಸಾವಿರದ ಹತ್ತಿರ ಆಯಿತು. ಅದನ್ನು ಅಡಿಕೆ ಒಣಗಿಸುವ ಅಟ್ಟದಲ್ಲಿ ಇಟ್ಟೆ, ಅಲ್ಲಿ ಇಲಿ ಕಡಿಯಿತು. ಮತ್ತೆ ಮೂರು ಸಾವಿರ. ಈಗ ಹಳೇ ಮುಂಡಿನಲ್ಲಿ ಸುತ್ತಿ ಒಲೆಯಿಂದ ಸ್ವಲ್ಪ ದೂರ ತೂಗು ಹಾಕುತ್ತೇನೆ. ಎಷ್ಟು ದೂರ ಎಂದು ಕೇಳಬೇಡಿ. ಆರು ಸಾವಿರ ಕೊಟ್ಟು ಕಲಿತ ವಿದ್ಯೆ ಅದು, ಬಿಟ್ಟಿಗೆ ಹೇಳುವುದಿಲ್ಲ. ಚೆಂಡೆ ಬಿಟ್ಟೇಬಿಟ್ಟೆವು. ಪಕ್ಕದ ಮನೆಯಲ್ಲಿ ಚಿಕ್ಕ ಮಗು ಇತ್ತು, ಮತ್ತೆ ಜಗಲಿಗೆ ಅಷ್ಟು ಗೌಜಿ ಬೇಕಾಗಿಲ್ಲ.

ಖರ್ಚು? ಒಂದು ಕೂಟಕ್ಕೆ ಐನೂರರಿಂದ ಆರುನೂರು. ಸಜ್ಜಿಗೆ, ಬಜಿಲು (ಅವಲಕ್ಕಿ), ಚಾ. ಹಲಸು ಇರುವಾಗ ಎಲೆಯಲ್ಲಿ ಬೇಯಿಸಿದ ಕೊಟ್ಟಿಗೆ ಕಡುಬು. ಹಾರ್ಲಿಕ್ಸಿನ ಹಳೇ ಬಾಟಲಿ ಕಂಬದ ಬುಡದಲ್ಲಿ ಇರುತ್ತದೆ, ಯಾರು ಎಷ್ಟು ಹಾಕಿದರು ಎಂದು ಯಾರೂ ನೋಡುವುದಿಲ್ಲ. ಒಮ್ಮೆ ಅದರಲ್ಲಿ ಐನೂರರ ನೋಟು ಸಿಕ್ಕಿತು. ಹಾಕಿದವರು ಇಂದಿಗೂ ಬಾಯಿ ಬಿಟ್ಟಿಲ್ಲ. ಒಮ್ಮೆ ಒಂದು ಬಸ್ ಟಿಕೆಟ್ ಸಿಕ್ಕಿತು, ಅದು ಯಾರದ್ದು ಎಂದು ನನಗೆ ಗೊತ್ತು.

ಚೀಟಿಯ ವಿಷಯಕ್ಕೆ ಬರುತ್ತೇನೆ. ಒಬ್ಬ ಗೆಳೆಯ ನನ್ನನ್ನು ಹಿಡಿದು ಕೇಳಿದ, "ಮಾತು ಜಾಸ್ತಿ ಇರುವವರಿಗೆ ಯಾವಾಗಲೂ ಸಣ್ಣ ಪಾತ್ರವೇ ಬರುತ್ತದೆ, ಹೊಸಬರಿಗೆ ಎದುರಿಗೆ ಒಳ್ಳೆಯವರೇ ಸಿಗುತ್ತಾರೆ, ಇದು ಹೇಗೆ ಮಾರಾಯ?" ಎಲ್ಲ ಅವರವರ ಯೋಗ ಎಂದೆ. ಚೀಟಿಯ ಡಬ್ಬ ಹಿಡಿಯುವವ ನಾನೇ ಎಂಬುದಷ್ಟನ್ನು ಇಲ್ಲಿ ಹೇಳಿ ನಿಲ್ಲಿಸುತ್ತೇನೆ.

ಜನ ಯಾರು ಅಂದರೆ, ಭಾಗವತರು ಅಂಚೆ ಇಲಾಖೆಯಿಂದ ನಿವೃತ್ತರಾದವರು, ಈಗ ಈಚೆ ಮಗಳ ಮನೆಯಲ್ಲಿ ಇದ್ದಾರೆ. ಬೇಳದ ಕಡೆಯ ಕ್ರಿಶ್ಚಿಯನ್ ಮೇಷ್ಟ್ರು ಒಬ್ಬರು. ಅಡಿಕೆ ವ್ಯಾಪಾರದ ಬ್ಯಾರಿ ಮುಸ್ಲಿಂ ಗೆಳೆಯ. ಮನೆಯಲ್ಲಿ ಕೊಂಕಣಿ ಮಾತಾಡುವ ಇಬ್ಬರು ಅಣ್ಣ ತಮ್ಮ. ಪಕ್ಕದ ಮನೆಯ ಮಲಯಾಳಿ ಅಮ್ಮ. ಮತ್ತೆ ಹನ್ನೊಂದನೇ ಕ್ಲಾಸಿನ ಒಬ್ಬ ಹುಡುಗ. ಏಳು ಭಾಷೆಯ ಊರು ಎಂದು ನಮ್ಮ ಕಾಸರಗೋಡಿನವರು ಭಾಷಣದಲ್ಲಿ ಹೇಳುವುದುಂಟಲ್ಲ, ಜಗಲಿಯಲ್ಲಿ ಚೀಟಿ ಎತ್ತುವಾಗ ಅದರಲ್ಲಿ ಐದಾದರೂ ಕೇಳಿಸುತ್ತದೆ.

ಆ ಹುಡುಗನದ್ದು ಒಂದು ಬೇರೆ ಪ್ರಯೋಗ. ಮನೆಯಲ್ಲಿ ಮಾತು ತುಳು ಮತ್ತು ಕನ್ನಡ, ಓದಿದ್ದು ಮಲಯಾಳದಲ್ಲಿ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗ ಬರೆದದ್ದು, ಇದೆಲ್ಲ ಅವನಿಗೆ ಅಜ್ಜನ ಕಾಲದ ಸುದ್ದಿ. ಅವನಿಗೆ ಕನ್ನಡ ಅಕ್ಷರ ಓದುವುದು ಬಹಳ ನಿಧಾನ. ಹಾಗಾಗಿ ಅರ್ಥವನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಬಂದ. ಮಾತು ಕನ್ನಡ, ಅಕ್ಷರ ಮಲಯಾಳ. ಹಿರಿಯರು ಮುಖ ಸಿಂಡರಿಸಿದರು. ಮೊದಲ ದಿನ "ಕಪಿಶ್ರೇಷ್ಠ"ವನ್ನು "ಕಬಿಶ್ರೇಷ್ಠ" ಎಂದ, ಮಲಯಾಳ ಓದುವ ರೂಢಿ ಅದು. ಉಕಾರ ಬರಬೇಕಾದಲ್ಲಿ ಮಲಯಾಳದ ಅರ್ಧ ಉಕಾರದ ಚಿಹ್ನೆ ಚಂದ್ರಕಲೆ ಹಾಕಿದ್ದರಿಂದ "ಬಂದು", "ನಿಂದು" ಎಲ್ಲ ತುಳುವಿನ ಹಾಗೆ ಅರ್ಧಕ್ಕೇ ನಿಂತವು. ಎರಡನೇ ವರ್ಷಕ್ಕೆ ಎಲ್ಲ ಸರಿಯಾಯಿತು. ಮೂರನೇ ವರ್ಷ ಬರೆದದ್ದನ್ನು ನೋಡದೆ ಅಂಗದ ಹೇಳಿದ. ಈಗ ಬಸ್ಸಿನ ಬೋರ್ಡು, ಹಳೇ ಪ್ರಸಂಗ ಪುಸ್ತಕ ಎಲ್ಲ ಕನ್ನಡದಲ್ಲೇ ಓದುತ್ತಾನೆ. ಇದು ನನ್ನ ಸಾಧನೆ ಎಂದು ನಾಲ್ಕು ಜನರ ಎದುರು ಹೇಳಿಕೊಂಡಿದ್ದೇನೆ, ಇಲ್ಲಿಯೂ ಹೇಳಿಕೊಳ್ಳುತ್ತೇನೆ.

ಮಲಯಾಳಿ ಅಮ್ಮ ಮೊದಲು ಬಂದದ್ದು ಗದ್ದಲ ಎಂತದ್ದು ಎಂದು ನೋಡಲಿಕ್ಕೆ. ನಮ್ಮ ಆಟಿ ಅವರ ಕರ್ಕಟಕ. ಆ ತಿಂಗಳು ಪೂರ್ತಿ ಸಂಜೆ ದೀಪ ಹಚ್ಚಿ ಎಳುತ್ತಚ್ಚನ್ ಬರೆದ ಅಧ್ಯಾತ್ಮ ರಾಮಾಯಣ ಓದುತ್ತಾರೆ. ಅವರ ವಾಲಿಯೂ ರಾಮನನ್ನು ಪ್ರಶ್ನೆ ಮಾಡುತ್ತಾನೆ. ಒಂದು ಶನಿವಾರ ಅವರು ಆ ಭಾಗ ಓದುವುದು, ಮುಗಿದ ಕೂಡಲೇ ನಮ್ಮ ಭಾಗವತರು ಪದ್ಯ ಎತ್ತುವುದು ಎಂದು ಮಾಡಿದೆವು. ಅವರ ಓದಿನ ಧಾಟಿ ಮುಗಿದ ಸ್ವರದಿಂದಲೇ ಭಾಗವತರು ಶುರು ಮಾಡಿದಾಗ ನನಗೆ ಮದ್ದಳೆಗೆ ಕೈ ಹಾಕಲಿಕ್ಕೆ ಮರೆತೇ ಹೋಯಿತು.

ಬ್ಯಾರಿ ಗೆಳೆಯನ ವಿಷಯದಲ್ಲಿ ಎರಡೂ ಕಡೆಯಿಂದ ಗೊಣಗಾಟ ಬಂತು. ನಮ್ಮವರಲ್ಲಿ ಒಬ್ಬರು, "ಅವರಿಗೆ ಯಾಕೆ ಇದು?" ಎಂದರು. ಅವನ ಕಡೆಯವರೂ ಅವನಿಗೆ ಅದನ್ನೇ ಕೇಳಿದರಂತೆ. ಹೆಸರಾಂತ ಅರ್ಥಧಾರಿ ಜಬ್ಬಾರ್ ಸಮೋ ಅವರ ಅರ್ಥ ಕೇಳಿದ ಊರಿನವರಿಗೆ ಈ ಪ್ರಶ್ನೆ ಬರಲೇಬಾರದು. ಉದ್ಯಾವರದಲ್ಲಿ ದೈವದ ಪಾತ್ರಿಗಳು ಜಾತ್ರೆಗೆ ಕರೆಯಲಿಕ್ಕೆ ಮಸೀದಿಗೆ ಹೋಗುವುದನ್ನು ನೋಡಿ ಬೆಳೆದವರು ನಾವು. ಆರಿಕ್ಕಾಡಿಯಲ್ಲಿ ಮುಸ್ಲಿಂ ದೈವ ಎನ್ನುವ ಆಲಿ ಭೂತದ ಎದುರು ಯಾರೆಲ್ಲ ನಿಲ್ಲುತ್ತಾರೆ ಎಂಬುದೂ ಗೊತ್ತು. ಆದರೂ ಕೇಳುತ್ತಾರೆ. ನಾನು ವಾದ ಮಾಡಲಿಲ್ಲ. ಕೂಟದ ಹೊತ್ತನ್ನು ಸಂಜೆಯ ಮಗ್ರಿಬ್ ನಮಾಜು ಮುಗಿದ ಮೇಲಕ್ಕೆ ಹಾಕಿದೆ, ನಡುವೆ ರಾತ್ರಿಯ ಇಶಾ ನಮಾಜಿಗೆ ಹತ್ತು ನಿಮಿಷ ಚಾ ಬಿಡುವು ಇಟ್ಟೆ. ಆ ಬಿಡುವು ಎಲ್ಲರಿಗೂ ಬೇಕಿತ್ತು, ವಯಸ್ಸಾದವರಿಗಂತೂ ಬಾತ್ರೂಮಿಗೆ ಹೋಗಲಿಕ್ಕೆ.

ಅವನೇ ಒಂದು ಗೆರೆ ಹಾಕಿಕೊಂಡ. ದೇವರ ಪಾತ್ರ ಹೇಳುವುದಿಲ್ಲ, ಉಳಿದದ್ದು ಯಾವುದಾದರೂ ಸರಿ. ಮೊದಲ ಸಲ ಅವನಿಗೆ ಬಂದದ್ದು ವಾಲಿ. ಆ ಮೊದಲು ಮೂರು ವಾರ ಅವನು ಸುಮ್ನೆ ಕೂತು ಕೇಳಿ ಚಾ ಮಾಡಿದ್ದ. ಒಂದು ದಿನ ಕಿವಿಯಲ್ಲಿ ಕೇಳಿದ್ದ, "ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ತಪ್ಪು ಅಂತ ನೀವು ದೇವರಿಗೇ ಹೇಳ್ತೀರಲ್ಲ, ದೀಪ ಹಚ್ಚಿಟ್ಟು! ಹೆದರಿಕೆ ಆಗುವುದಿಲ್ವಾ?" ಆಗುವುದಿಲ್ಲ, ಅದಕ್ಕೇ ಇದು ಇರುವುದು ಎಂದೆ. ವಾಲಿಯಾಗಿ ಅವನು ಧರ್ಮಶಾಸ್ತ್ರ ಎತ್ತಲಿಲ್ಲ. ಅಡಿಕೆ ವ್ಯಾಪಾರಿಯ ಹಾಗೆ ಮಾತಾಡಿದ. "ಸೀತೆಯನ್ನು ಹುಡುಕಲಿಕ್ಕೆ ನಿನಗೆ ಬಲ ಬೇಕಿತ್ತು. ಬಲ ಇದ್ದದ್ದು ನನ್ನ ಹತ್ತಿರ. ನೀನು ಮಾಲು ನೋಡದೆ ಅಂಗಡಿ ಹೊಕ್ಕೆಯಲ್ಲ ರಾಮಾ." ಭಾಗವತರಿಗೆ ನಗು ತಡೆಯದೆ ಜಾಗಟೆ ಕೆಳಗಿಟ್ಟರು. ರಾಮನಾಗಿದ್ದ ಮೇಷ್ಟ್ರು ಒಂದು ನಿಮಿಷ ಬಾಯಿ ಕಟ್ಟಿ ಕೂತರು. ಆಮೇಲೆ, "ಮಾಲಿನ ಬೆಲೆಗಿಂತ ತೂಕದ ಕಲ್ಲು ಸರಿ ಇದೆಯಾ ಎಂದು ಮೊದಲು ನೋಡಿದೆ" ಎಂದರು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದನ್ನು ಅಷ್ಟು ಚಿಕ್ಕ ಮಾತಿನಲ್ಲಿ ಹೇಳಿದ್ದನ್ನು ನಾನು ದೊಡ್ಡ ಕೂಟಗಳಲ್ಲೂ ಕೇಳಿಲ್ಲ.

ನನ್ನ ಹೆಂಡತಿಯದ್ದೂ ಹೇಳಬೇಕು, ಇಲ್ಲದಿದ್ದರೆ ಜಗಲಿ ಇರುವುದಿಲ್ಲ. ಇಪ್ಪತ್ತು ವರ್ಷ ನನ್ನ ಕೂಟಗಳಿಗೆ ಸಜ್ಜಿಗೆ ಮಾಡಿದವಳು. ಎರಡನೇ ವರ್ಷ ಅವಳೇ ಒಳಗಿನಿಂದ ಬಂದು, ಬಂದವರೆಲ್ಲ ಅರ್ಥ ಹೇಳಬೇಕು ಎಂಬುದು ನಿಯಮ ಅಲ್ವಾ, ನನ್ನ ಚೀಟಿ ಎಲ್ಲಿ ಎಂದು ಕೇಳಿದಳು. ತಾರೆ ಬಂತು. ಯುದ್ಧಕ್ಕೆ ಹೋಗಬೇಡ ಎಂದು ವಾಲಿಗೆ ಹೇಳುವ ಜಾಗ. ಪುಸ್ತಕದ ಮಾತು ಒಂದೂ ಇಲ್ಲ. "ಮೊನ್ನೆ ಸೋತು ಓಡಿದವ ಇವತ್ತು ಬಾಗಿಲಿಗೆ ಬಂದು ಕರೆಯುತ್ತಾನೆ ಅಂದರೆ ಅವನ ಹಿಂದೆ ಯಾರೋ ಇದ್ದಾರೆ. ನಿಮಗೆ ಅಷ್ಟೂ ಗೊತ್ತಾಗುವುದಿಲ್ವಾ? ನನ್ನ ಮಾತು ಯಾವತ್ತು ಕೇಳಿದ್ದೀರಿ?" ವಾಲಿ ನಾನೇ. 2016ರ ಅಡಿಕೆಯ ಲೆಕ್ಕವನ್ನೂ ಕಿಷ್ಕಿಂಧೆಯ ಬೊಕ್ಕಸದ ಹೆಸರಿನಲ್ಲಿ ಸೇರಿಸಿದಳು. ಊದುಬತ್ತಿ ಮುಗಿದಾಗ ಎರಡನೇ ತುಂಡು ನಾನೇ ಹಚ್ಚಿದೆ. ನಿಯಮ ಮುರಿದದ್ದು ಅದೊಂದೇ ಸಲ. ಆ ವಾರದಿಂದ ತಿಂಡಿಗೂ ಚೀಟಿ, ಗಂಡಸರೂ ಎತ್ತಬೇಕು. ಮೇಷ್ಟ್ರ ಗೋಳಿಬಜೆ ಕಲ್ಲಿನ ಹಾಗೆ ಇರುತ್ತದೆ.

ಮಂಗಳ ಆದ ಮೇಲೆ ಯಾರೂ ಏಳುವುದಿಲ್ಲ. ಮಳೆ ನಿಲ್ಲಲಿ ಎಂಬುದು ನೆಪ. 2022ರ ಅಕ್ಟೋಬರ್‌ನಲ್ಲಿ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯ ಸತ್ತಾಗ ಒಂದು ಹೆಚ್ಚುವರಿ ಕೂಟ ಸೇರಿದೆವು. ಅರ್ಥಕ್ಕಿಂತ ಮೊಸಳೆಯ ಮಾತೇ ಹೆಚ್ಚಾಯಿತು. ನೈವೇದ್ಯ ತಿಂದು ಬದುಕಿದ್ದು ಎಂದು ಭಾಗವತರು. ಕೆರೆಯಲ್ಲಿ ಮೀನೂ ಇತ್ತಲ್ಲ ಎಂದು ಕೊಂಕಣಿ ಅಣ್ಣ. ಮೀನು ತಿಂದರೆ ಭಕ್ತಿ ಕಮ್ಮಿಯಾಗುತ್ತದಾ ಎಂದು ಅವನ ತಮ್ಮ. ಚಿಕ್ಕಂದಿನಲ್ಲಿ ಅಜ್ಜಿಯ ಕೈ ಹಿಡಿದು ಹೋಗಿ ನೋಡಿದ್ದನ್ನು ಬ್ಯಾರಿ ಗೆಳೆಯ ಹೇಳಿದ. ಸತ್ತದ್ದಕ್ಕೆ ಅವನೂ ನೋಡಲಿಕ್ಕೆ ಹೋಗಿದ್ದನಂತೆ. ಮರುವರ್ಷ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು ಎಂದು ಸುದ್ದಿಯಾದಾಗ ಮೊದಲು ಫೋನ್ ಮಾಡಿದವನೂ ಅವನೇ.

ಈ ಸಲದ ಕೊನೆಯ ಕೂಟದಲ್ಲಿ ಬ್ಯಾರಿ ಗೆಳೆಯನ ಕೈಗೆ ರಾಮನ ಚೀಟಿ ಬಂತು. ಡಬ್ಬ ನನ್ನ ಕೈಯಲ್ಲಿದ್ದರೂ ತಪ್ಪಿತು, ಕರೆಂಟು ಹೋಗಿತ್ತು. ದೀಪದ ಹತ್ತಿರ ಹಿಡಿದು ಓದಿದ. ಮಡಚಿ ಹುಡುಗನ ಕಿಸೆಗೆ ಹಾಕಿದ. ಆಮೇಲೆ ಅವನನ್ನು ಅಂಗಳದ ತುದಿಗೆ ಕರೆದುಕೊಂಡು ಹೋಗಿ ಒಂದು ಬೀಡಿ ಸೇದುವಷ್ಟು ಹೊತ್ತು ಏನೋ ಹೇಳಿದ. ಎಂತ ಹೇಳಿದ ಎಂದು ಇಬ್ಬರೂ ಬಾಯಿ ಬಿಡಲಿಲ್ಲ. ಅವತ್ತು ವಾಲಿ ನಾನು. ತೂಕದ ಕಲ್ಲಿನ ಉತ್ತರಕ್ಕೆ ತಯಾರಾಗಿ ಕೂತಿದ್ದೆ, ಆ ಹುಡುಗ ಅದನ್ನು ಮುಟ್ಟಲೇ ಇಲ್ಲ. ನಾನು ಸೋತೆ, ಬತ್ತಿ ಇನ್ನೂ ಎರಡು ಬೆರಳು ಇತ್ತು.

ಬಾಟಲಿಯಲ್ಲಿ ಈಗ ಸಾವಿರದ ಮುನ್ನೂರು ಚಿಲ್ಲರೆ ಇದೆ. ಮದ್ದಳೆಯ ಎಡದ ಮುಚ್ಚಿಗೆ ಮತ್ತೆ ಹೋಗುವ ಹಾಗೆ ಕಾಣುತ್ತದೆ. ಮುಂದಿನ ಪತ್ತನಾಜೆಯೊಳಗೆ ಬೇರೆ ಹಾಕಿಸಬೇಕು. ಪ್ರಸಂಗ ಬದಲಾಯಿಸುವ ಎಂದು ಭಾಗವತರು, ಇದೇ ಇರಲಿ ಎಂದು ಹೆಂಡತಿ.